ಕೆಲ್ದೋರಾದ ಮಂತ್ರಿಮಂಡಲ

ನವೆಂಬರ್ 3, ಸೋಮವಾರ

ಚಂದ್ರಹಾಸ ನಿನ್ನೆ ಮನೆ ಬಿಟ್ಟು ಹೋದ. ಬಾಗಿಲು ದಢಾರನೆ ಬಡಿದು ಹೋಗುವಂಥ ಗಂಡನಲ್ಲ ಅವನು. ಎರಡು ಬ್ಯಾಗು ತುಂಬಿದ, ಗೀಸರ್ ಆರಿಸಿದ, ಹಾಲಿನವನಿಗೆ ಇನ್ನು ಮೇಲೆ ಅರ್ಧ ಲೀಟರ್ ಸಾಕು ಎಂದು ತಾನೇ ಫೋನು ಮಾಡಿದ, ಆಮೇಲೆ ಹೋದ. ಊರಿನ ಇನ್ನೊಂದು ತುದಿಗೆ, ಬೆಹಾಲಾದಲ್ಲಿ ಅವನ ಸಂಸ್ಥೆಯ ಗೆಳೆಯ ಅರವಿಂದನ ಫ್ಲ್ಯಾಟು ಖಾಲಿ ಇದೆಯಂತೆ. ಅರವಿಂದ ಪುಣೆಗೆ ಹೋಗಿದ್ದಾನೆ, ಬರುವುದು ಮಾರ್ಚಿಗಂತೆ. ಎಲ್ಲ ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದಾನೆ ಪುಣ್ಯಾತ್ಮ.

ಜಗಳ ಹತ್ತಿದ್ದು ಮಗಳ ವಿಷಯಕ್ಕೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಡೆಂಗಿ ಜ್ವರದಲ್ಲಿ ಹೋದಳು. ಇಷ್ಟನ್ನು ಬರೆಯಬಲ್ಲೆ. ಬರುವ ಡಿಸೆಂಬರ್ 14ಕ್ಕೆ ಅವಳಿಗೆ ಆರು ತುಂಬುತ್ತಿತ್ತು. ಆ ದಿನ ಓಣಿಯ ಮಕ್ಕಳನ್ನೆಲ್ಲ ಕರೆದು ಪಾಯಸ ಹಾಕಬೇಕು ಎನ್ನುವುದು ಚಂದ್ರಹಾಸನ ಆಸೆ. ಅಷ್ಟು ಚಿಕ್ಕ ಮಗುವಿಗೆ ತಿಥಿ ಗಿಥಿ ಮಾಡುವ ಪದ್ಧತಿಯಿಲ್ಲ ಎಂದು ಅವನ ಊರಿನ ಪುರೋಹಿತರು ಆಗಲೇ ಹೇಳಿಬಿಟ್ಟಿದ್ದರು. ಹಾಗಾದರೆ ಅವಳಿಗೆ ಅಂತ ವರ್ಷದಲ್ಲಿ ಒಂದು ದಿನವೂ ಬೇಡವಾ ಎಂದು ಇವನು. ಬೇಡ ಎಂದು ನಾನು. ಆಗ ಕೇಳಿದ:

“ನೀನು ಅವಳ ಹೆಸರು ಹೇಳದೆ ಎಷ್ಟು ಸಮಯ ಆಯ್ತು ಗೊತ್ತುಂಟಾ ಅಹಲ್ಯಾ? ಈ ಮನೆಯಲ್ಲಿ ಒಂದು ಮಗು ಇತ್ತು ಅಂತಾದ್ರೂ ನೆನಪುಂಟಾ ನಿಂಗೆ?”

ನನಗೂ ರೇಗಿತು. ನೀನು ಮೀನು ಮಾರುವವನ ಹತ್ತಿರವೂ, ಮೆಟ್ರೋದಲ್ಲಿ ಪಕ್ಕ ಕೂತವರ ಹತ್ತಿರವೂ ಅವಳ ಕಥೆ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತೀಯಲ್ಲ, ಬೀದಿಯವರಿಗೆಲ್ಲ ಹಂಚುತ್ತೀಯಲ್ಲ, ಅದಾ ನೆನಪು ಎಂದುಬಿಟ್ಟೆ. ಅವನು ಸ್ಟೂಲು ಎಳೆದುಕೊಂಡ. ಅಟ್ಟದಿಂದ ಬ್ಯಾಗು ಇಳಿಸಿದ.

ಈಗ ಈ ಬಂಗಾಳಿಗಳ ಊರಿನಲ್ಲಿ, ಈ ಡಮ್ ಡಮ್ ಫ್ಲ್ಯಾಟಿನಲ್ಲಿ ಕನ್ನಡ ಮಾತಾಡುವ ಇನ್ನೊಂದು ಜೀವವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಘನಂದಾರಿ ಕಾರಣವೇನೂ ಇಲ್ಲ.

ನವೆಂಬರ್ 5, ಬುಧವಾರ

ನನ್ನ ಕೆಲಸವೇನೆಂದು ಮೈಸೂರಿನಲ್ಲಿರುವ ಅಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ. ಇಲ್ಲದ ದೇಶ ಕಟ್ಟುವುದು ಎಂದರೆ, ಅದಕ್ಕೂ ಸಂಬಳ ಕೊಡುತ್ತಾರಾ ಎನ್ನುತ್ತಾಳೆ. ಕೊಡುತ್ತಾರೆ. ಅಧಿಕಾರಿಗಳು, ಪತ್ರಕರ್ತರು, ಆಸ್ಪತ್ರೆ ನಡೆಸುವವರು ನಮ್ಮಲ್ಲಿಗೆ ತರಬೇತಿಗೆ ಬರುತ್ತಾರೆ. ನೆರೆ ಬಂದರೆ, ದಂಗೆ ಎದ್ದರೆ, ಸರ್ಕಾರ ಬಿದ್ದರೆ ಏನು ಮಾಡಬೇಕೆಂದು ನಾಟಕದ ಹಾಗೆ ಆಡಿ ಕಲಿಯುತ್ತಾರೆ. ನಿಜವಾದ ದೇಶದ ಹೆಸರಿಟ್ಟರೆ ಯಾರಿಗೋ ನೋವು, ಯಾರದೋ ಕೇಸು. ಅದಕ್ಕೆ ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಮೂರನೇ ಮಹಡಿಯಲ್ಲಿ ಕೂತು ನಾನೂ ನನ್ನ ಸಹೋದ್ಯೋಗಿ ತನುಶ್ರೀಯೂ ಭೂಪಟದಲ್ಲಿಲ್ಲದ ದೇಶಗಳನ್ನು ಕಟ್ಟುತ್ತೇವೆ.

ಈ ಸಲದ್ದು ಕೆಲ್ದೋರಾ. ರಾಜಧಾನಿ ಮಿರಾಸ್ತು. ಊರ ನಡುವೆ ಹರಿಯುವ ನದಿ ಓಸೆನ್, ಡಿಸೆಂಬರಿನ ತರಬೇತಿಯಲ್ಲಿ ಅದು ಉಕ್ಕಬೇಕು. ನಮ್ಮ ಮುಖ್ಯಸ್ಥ ಮಿಹಿರ್‌ದಾ ಒಂದು ನಿಯಮ ಮಾಡಿಟ್ಟಿದ್ದಾರೆ. ಪ್ರತಿಯೊಬ್ಬ ರಾಜಕಾರಣಿಗೂ ಹೆಮ್ಮೆಪಡುವಂಥದ್ದು ಒಂದು, ಮುಚ್ಚಿಡುವಂಥದ್ದು ಒಂದು ಇರಬೇಕು, ಮತ್ತೆ ಯಾರ ಮಾತನ್ನು ತೆಗೆದುಹಾಕಲಾರನೋ ಅಂಥ ಒಬ್ಬರು ಇರಬೇಕು. ಅಷ್ಟಿದ್ದರೆ ಕಾಗದದ ಮಂತ್ರಿಗೂ ಉಸಿರು ಬರುತ್ತದೆ.

ಪ್ರಧಾನಿ ತೋಬಾರ್ ಕೆಲಿನ್. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವವನ ಮಗ, ಓದಿ ನ್ಯಾಯಾಧೀಶನಾದವನು, ಬ್ರಹ್ಮಚಾರಿ. ಸುಳ್ಳು ಹೇಳುವ ಮುಂಚೆ ಒಂದು ಗುಟುಕು ನೀರು ಕುಡಿಯುತ್ತಾನೆ. ಗೃಹ ಸಚಿವೆ ಇಲ್ವಾ ಮರೇಶ್ ವಿಧವೆ, ಮನೆ ತುಂಬ ನಾಯಿ, ರಾಜಧಾನಿಯಲ್ಲಿ ನಾಯಿಗಳಿಗೆ ಅಂತ ದೊಡ್ಡ ಸರ್ಕಾರಿ ಆಸ್ಪತ್ರೆ ಕಟ್ಟಿಸಿದ್ದಾಳೆ. ವಿರೋಧ ಪಕ್ಷದ ನಾಯಕ ಬರ್ತೋ ಹನೆಲ್ ಮೊದಲು ಸನ್ಯಾಸಿಯಾಗಿದ್ದ, ಮಠದ ಬಾವಿಯ ನೀರು ಹಂಚುವ ವಿಷಯದಲ್ಲಿ ಹಿರಿಯ ಸ್ವಾಮಿಯ ಜೊತೆ ಜಗಳವಾಡಿ ಕಾವಿ ಬಿಟ್ಟ. ಹಣಕಾಸು ಸಚಿವನನ್ನು ಇಬ್ಬರು ಹೆಂಡತಿಯರು ಬಿಟ್ಟು ಹೋಗಿದ್ದಾರೆ, ಇಬ್ಬರೂ ಹೋಗುವಾಗ ಅವನ ಗೊರಕೆಯ ಬಗ್ಗೆ ಒಂದೇ ಮಾತು ಹೇಳಿದ್ದಾರೆ.

ಇವರ ಜೊತೆ ಕೂತರೆ ನನಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಸಂಜೆಯವರೆಗೆ ಮನೆಯ ನೆನಪೇ ಬರಲಿಲ್ಲ.

ನವೆಂಬರ್ 9, ಭಾನುವಾರ

ಕುಕ್ಕರ್ ಒಯ್ಯಲು ಚಂದ್ರಹಾಸ ಬಂದಿದ್ದ. ಇಳಿದುಹೋಗಿದ್ದಾನೆ. ಊಟ ಮಾಡಿದೆಯಾ ಎಂದು ಕೇಳಿದೆ, ಇಲ್ಲ ಎಂದ, ಬಡಿಸಿದೆ. ಸಾರಿಗೆ ಉಪ್ಪು ಕಡಿಮೆ ಉಂಟು ಎಂದು ತಾನೇ ಹಾಕಿಕೊಂಡು ಎರಡು ಸಲ ಅನ್ನ ಹಾಕಿಸಿಕೊಂಡ. ಎಲ್ಲ ಮಾಮೂಲಿನ ಭಾನುವಾರದ ಹಾಗೇ ಇತ್ತು. ಕೈ ತೊಳೆದು ಬಂದವನು ಟವೆಲ್ ಹಿಡಿದುಕೊಂಡೇ ಹೇಳಿದ:

“ಹದಿನಾಲ್ಕಕ್ಕೆ ನಾನು ಬೆಹಾಲಾದಲ್ಲೇ ಮಕ್ಕಳನ್ನು ಕರೀತೇನೆ. ನೀನು ಬಾ. ಎಂತದೂ ಮಾಡುವುದು ಬೇಡ, ಬಂದು ನಿಂತುಕೋ ಸಾಕು. ಬಾರದಿದ್ರೆ ಮತ್ತೆ ನಾನು ಕರೆಯುವುದಿಲ್ಲ ಅಹಲ್ಯಾ. ಯಾವುದಕ್ಕೂ ಕರೆಯುವುದಿಲ್ಲ.”

ಬೆದರಿಕೆಯ ದನಿಯಲ್ಲಿ ಹೇಳಿದ್ದರೆ ಎರಡು ಮಾತು ಬಿಗಿಯುತ್ತಿದ್ದೆ. ಹಾಗೆ ಹೇಳಲಿಲ್ಲ. ಸುಸ್ತಾದವನ ಹಾಗೆ ಹೇಳಿದ. ಕುಕ್ಕರಿನ ಗ್ಯಾಸ್ಕೆಟ್ ಹಳೆಯದಾಗಿದೆ ಎಂದು ನಾನು ಹೇಳಿದೆ. ಸರಿ ಎಂದು ಹೋದ.

ನನಗೆ ಅವನು ಬೇಕು. ನಾನೇ ಬರೆದು ನಾನೇ ಓದುವುದಕ್ಕೆ ನಾಚಿಕೆಯೇನು, ಬೇಕು. ಆದರೆ ಅವನಿಗೆ ಬೇಕಾದ್ದು ನನ್ನಿಂದ ಆಗುವುದಿಲ್ಲ. ಯಾರ ಯಾರದೋ ಮಕ್ಕಳು ಸಾಲಾಗಿ ಕೂತು ಅವಳ ಪಾಯಸ ತಿನ್ನುವುದನ್ನು ನಾನು ನಿಂತು ನೋಡಬೇಕಂತೆ.

ನವೆಂಬರ್ 12, ಬುಧವಾರ

ಅಮ್ಮನ ಫೋನು. ಅವಳಿಗೆ ಚಂದ್ರಹಾಸ ಹೋಗಿರುವುದನ್ನು ಹೇಳಿಲ್ಲ. ಅತ್ತ ಸುತ್ತಿ ಇತ್ತ ಸುತ್ತಿ, ಇನ್ನೂ ವಯಸ್ಸಿದೆ, ಇನ್ನೊಂದು ಮಗು ಮಾಡಿಕೊಳ್ಳಿ ಎಂದಳು. ಕುಕ್ಕರ್ ಕೂಗುತ್ತಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ. ಕುಕ್ಕರ್ ಇರುವುದು ಬೆಹಾಲಾದಲ್ಲಿ.

ಆಮೇಲೆ ಕೆಲ್ದೋರಾದ ಸಂವಿಧಾನದ ಮೊದಲ ಭಾಗ ಬರೆದು ಮುಗಿಸಿದೆ.

ನವೆಂಬರ್ 18, ಮಂಗಳವಾರ

ಬೆಳಿಗ್ಗೆ ಮೆಟ್ರೋದಲ್ಲಿ ಮೈ ಸರಿಯಿರಲಿಲ್ಲ. ಎದುರು ಸೀಟಿನಲ್ಲಿ ಒಂದು ಹುಡುಗಿ ತಾಯಿಯ ಸೆರಗು ಜಗ್ಗಿ ಜೋಲ್, ಜೋಲ್ ಎಂದು ನೀರಿಗೆ ಹಠ ಮಾಡುತ್ತಿತ್ತು. ನಮ್ಮನೆಯಲ್ಲೂ ಹಾಗೇ, “ಅಮ್ಮಾ ಜೋಲ್ ಕುಡೀಬೇಕು” ಎಂದು ಎರಡು ಭಾಷೆ ಕಲಸಿ ಹೇಳುತ್ತಿದ್ದಳು. ನೀರು ಅನ್ನು ಎಂದು ತಿದ್ದಿದರೆ “ನೀರು ಜೋಲ್” ಎನ್ನುತ್ತಿದ್ದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಜನ ವಿಪರೀತ, ಗಾಳಿಯಿಲ್ಲ, ಎಲ್ಲೋ ನಡುವೆ ಇಳಿದುಬಿಟ್ಟೆ. ಬೆಂಚಿನ ಮೇಲೆ ಎಷ್ಟು ರೈಲು ಹೋಗುವವರೆಗೆ ಕೂತಿದ್ದೆನೋ ಗೊತ್ತಿಲ್ಲ. ಆಫೀಸಿಗೆ ತಡವಾಯಿತು.

ತನುಶ್ರೀ ಚಹಾ ತಂದುಕೊಟ್ಟಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಇಲ್ಲಿಯ ರೂಢಿಯಂತೆ ಅಕ್ಕ ಎಂದು ಸೇರಿಸಿ ನನ್ನನ್ನು ಅಹಲ್ಯಾದಿ ಎನ್ನುತ್ತಾಳೆ. ಏನಾಯಿತು ಎಂದು ಕೇಳಲಿಲ್ಲ. ಕೇಳದಿರುವ ಆ ಒಂದು ಗುಣಕ್ಕೇ ಅವಳನ್ನು ಕಂಡರೆ ನನಗೆ ಇಷ್ಟ.

ಇವತ್ತು ಕೆಲ್ದೋರಾಕ್ಕೆ ಕೃಷಿ ಸಚಿವನನ್ನು ಕೊಟ್ಟೆ. ಅಣ್ಣನ ಜೊತೆ ಒಂದೇ ಮನೆಯಲ್ಲಿದ್ದಾನೆ, ಇಬ್ಬರಿಗೂ ಮದುವೆಯಾಗಿಲ್ಲ, ಇಬ್ಬರಿಗೂ ಮಾತಿಲ್ಲ. ಚೆನ್ನಾಗಿ ಬಂದಿದೆ.

ನವೆಂಬರ್ 24, ಸೋಮವಾರ

ಇವತ್ತು ಕೆಲ್ದೋರಾದ ಮೊದಲ ಪರೀಕ್ಷೆ. ನಿಜವಾದ ತರಬೇತಿಗೆ ಮುಂಚೆ ಹಿಂದಿನ ಬ್ಯಾಚಿನ ನಾಲ್ಕಾರು ಅಧಿಕಾರಿಗಳನ್ನು ಕರೆಸಿ ದೇಶ ಗಟ್ಟಿಯಾಗಿದೆಯೇ ಎಂದು ನೋಡುತ್ತೇವೆ. ನನ್ನ ದೇಶಗಳಲ್ಲಿ ಯಾರೂ ತೂತು ಕಂಡುಹಿಡಿದವರಿಲ್ಲ. ಸ್ವಲ್ಪ ಜಂಬದಲ್ಲೇ ಕೂತಿದ್ದೆ.

ಓಸೆನ್ ಉಕ್ಕಿತು. ಅಸ್ಸಾಮಿನಲ್ಲಿ ನಿಜವಾದ ನೆರೆ ನೋಡಿದ್ದ ಒಬ್ಬ ಅಧಿಕಾರಿ ಎದ್ದು, ಮೊದಲು ಶಾಲೆಗಳನ್ನು ಖಾಲಿ ಮಾಡಿಸಬೇಕು, ನದಿ ದಂಡೆಯಲ್ಲಿ ಎಷ್ಟು ಶಾಲೆಗಳಿವೆ ಎಂದು ಕೇಳಿದ. ನಾನು ಪುಟ ತಿರುವಿದೆ. ಶಾಲೆ ಇರಲಿಲ್ಲ. ಶಿಕ್ಷಣ ಸಚಿವರು ಯಾರು, ಅವರನ್ನೇ ಕೇಳೋಣ ಎಂದ. ಶಿಕ್ಷಣ ಸಚಿವರೂ ಇರಲಿಲ್ಲ. ಪರಿಹಾರ ಶಿಬಿರಕ್ಕೆ ಎಷ್ಟು ಹಾಲು ಬೇಕಾದೀತು, ಐದು ವರ್ಷದೊಳಗಿನ ಮಕ್ಕಳು ಎಷ್ಟು ಎಂದು ಇನ್ನೊಬ್ಬರು ಕೇಳಿದರು. ಜನಸಂಖ್ಯೆಯ ಪುಟದಲ್ಲಿ ಹದಿನೆಂಟು ವರ್ಷದ ಕೆಳಗೆ ಏನೂ ಬರೆದಿರಲಿಲ್ಲ. ಹೋಗಲಿ, ಮಂತ್ರಿಗಳ ಮನೆಯವರನ್ನಾದರೂ ಸಾಗಿಸೋಣ ಎಂದು ತನುಶ್ರೀ ಒಬ್ಬೊಬ್ಬರ ವಿವರವನ್ನೂ ಓದತೊಡಗಿದಳು. ಬ್ರಹ್ಮಚಾರಿ, ವಿಧವೆ, ಕಾವಿ ಬಿಟ್ಟ ಸನ್ಯಾಸಿ, ಹೆಂಡತಿಯರು ಬಿಟ್ಟುಹೋದವನು, ಮದುವೆಯಾಗದ ಅಣ್ಣತಮ್ಮ. ಓದುತ್ತ ಓದುತ್ತ ಅವಳ ದನಿ ಇಳಿಯಿತು.

ಈ ದೇಶದಲ್ಲಿ ನಾಯಿಗೆ ಆಸ್ಪತ್ರೆಯಿದೆ, ಮಗುವಿಗೆ ಅಂಗನವಾಡಿಯಿಲ್ಲ ಎಂದು ಆ ಅಸ್ಸಾಮಿನವನು ಹೇಳಿದ. ಕೋಣೆಗೆ ಕೋಣೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ತನುಶ್ರೀ ನಗಲಿಲ್ಲ. ಆಮೇಲೆ ಮೆಟ್ಟಿಲ ಹತ್ತಿರ ಕೈ ಹಿಡಿದುಕೊಂಡು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು:

“ಅಹಲ್ಯಾದಿ, ಇಡೀ ದೇಶದಲ್ಲಿ ಒಂದೇ ಒಂದು ಮಗುವೂ ಇಲ್ಲ.”

ಬಿಟ್ಟುಹೋಗಿದೆ, ಸೇರಿಸುತ್ತೇನೆ ಎಂದೆ. ಇಂಥ ತಪ್ಪು ಹಿಂದೆಂದೂ ಮಾಡಿದವಳಲ್ಲ ನಾನು. ನಿದ್ದೆ ಸಾಲದೆ ಹೀಗಾಗಿದೆ. ಬೇರೇನಿಲ್ಲ.

ನವೆಂಬರ್ 25, ಮಂಗಳವಾರ

ರಜೆ ಹಾಕಿದೆ. ಮಲಗಿದ್ದೆ.

ನವೆಂಬರ್ 27, ಗುರುವಾರ

ಬರೆದಿದ್ದನ್ನೆಲ್ಲ ಮತ್ತೆ ಓದಿದೆ. ಹಬ್ಬಗಳಿವೆ, ಹಬ್ಬದಲ್ಲಿ ಪಟಾಕಿ ಹೊಡೆಯುವವರು ದೊಡ್ಡವರೇ. ಉದ್ಯಾನಗಳಿವೆ, ಅಲ್ಲಿ ಬೆಂಚುಗಳು ಮಾತ್ರ. ಮುಷ್ಕರ ಹೂಡಲು ನರ್ಸುಗಳಿದ್ದಾರೆ, ಹೆರಿಗೆ ವಾರ್ಡಿಲ್ಲ. ಇಷ್ಟು ಜನ ಮತದಾರರು ಎಲ್ಲಿಂದ ಬಂದರೋ ದೇವರೇ ಬಲ್ಲ. ಬುದ್ಧಿಯಿದ್ದವರು ಬರೆಯುವಂಥದ್ದಲ್ಲ ಇದು.

ಸರಿ, ಒಂದು ಶಾಲೆ ಹಾಕಿಬಿಡೋಣ ಎಂದು ಕೂತೆ. ನದಿ ದಂಡೆಯ ಪ್ರಾಥಮಿಕ ಶಾಲೆ ಎಂದು ಬರೆದೆ. ಎಷ್ಟು ಮಕ್ಕಳು ಎಂದು ಬರೆಯಬೇಕಾದ ಕಡೆ ಕೈ ನಿಂತಿತು. ಇದು ನೆರೆಯ ತರಬೇತಿ. ಮಕ್ಕಳನ್ನು ಹಾಕಿದರೆ ನೀರು ಅವರ ಮೇಲೂ ಬರುತ್ತದೆ. ಉಳಿದವರೆಷ್ಟು, ಹೋದವರೆಷ್ಟು ಎಂದು ಮೂರನೇ ದಿನ ನಾನೇ ಕೂತು ಬರೆಯಬೇಕು. ದೊಡ್ಡವರು ಸತ್ತರೆ ಸಾಯಲಿ, ಅವರ ಹಣೆಬರಹ, ಎಷ್ಟು ಜನರನ್ನು ಕೊಂದಿಲ್ಲ ನಾನು ಈ ಕೆಲಸದಲ್ಲಿ. ಮಕ್ಕಳನ್ನು ಹುಟ್ಟಿಸಿ ನೀರಿನ ಎದುರು ನಿಲ್ಲಿಸು ಎಂದರೆ ಆಗುವುದಿಲ್ಲ. ಶಾಲೆಯನ್ನು ಅಳಿಸಿದೆ.

ಮಿಹಿರ್‌ದಾ ಬಂದು ಪರದೆ ನೋಡಿದರು. ಗದರಲಿಲ್ಲ. ಮಕ್ಕಳಿಲ್ಲದಿದ್ದರೆ ನೆರೆ ಬಂದರೆ ತಾನೆ ಏನು, ಯಾರು ಓಡುತ್ತಾರೆ, ಯಾರಿಗಾಗಿ ಓಡುತ್ತಾರೆ ಎಂದರು. ಅವರಿಗೆ ನನ್ನ ವಿಷಯ ಗೊತ್ತು. ಬೇಕಾದರೆ ತನುಶ್ರೀಗೆ ಕೊಡಿ ಎಂದರು. ಬೇಡ, ನನ್ನ ದೇಶ, ನಾನೇ ಮಾಡುತ್ತೇನೆ ಎಂದೆ. ಯಾಕೆ ಹಾಗೆ ಅಂದೆನೋ.

ಡಿಸೆಂಬರ್ 2, ಮಂಗಳವಾರ

ಶಾಲೆಗಳು ಆದವು. ಆರು ಶಾಲೆ. ಕಣ್ಣು ಮುಚ್ಚಿಕೊಂಡು ಹಾಕಿದೆ. ಶಿಕ್ಷಣ ಸಚಿವನೂ ಆದ, ಮೂರು ಮಕ್ಕಳ ತಂದೆ, ಬೆಳಗ್ಗೆ ತಾನೇ ಡಬ್ಬಿ ಕಟ್ಟುತ್ತಾನೆ.

ಪ್ರಧಾನಿಗೂ ಮದುವೆ ಮಾಡಿಸಿದೆ. ಆ ತೋಬಾರ್ ಕೆಲಿನ್ ಇಷ್ಟು ದಿನ ಬ್ರಹ್ಮಚಾರಿಯಾಗಿ ಮೆರೆದದ್ದು ಸಾಕು. ಒಬ್ಬ ಮಗಳು ಎಂದು ಬರೆದೆ. ಮುಂದಿನ ವಾಕ್ಯ ತಾನಾಗಿ ಬಂತು: ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು, ಆ ವಿಷಯವನ್ನು ಅವನು ಎಲ್ಲೂ ಮಾತಾಡುವುದಿಲ್ಲ. ಮುಚ್ಚಿಡುವ ವಿಷಯ ಒಂದು ಬೇಕಲ್ಲ, ಅದಾಯಿತು.

ತನುಶ್ರೀ ಓದಿ, ಇಂಥವನನ್ನು ಜನ ಕಲ್ಲು ಎನ್ನುತ್ತಾರೆ, ಯಾರೂ ನಂಬುವುದಿಲ್ಲ ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಅವನು ಕಲ್ಲಲ್ಲ. ಬಾಯಿ ತೆಗೆದರೆ ಅವನಿಗೆ ಎದ್ದು ನಿಲ್ಲೋಕಾಗಲ್ಲ. ಒಂದು ಸಲ ಬೇರೆಯವರ ಮುಂದೆ ಹೆಸರು ಹೇಳಿದ ಅಂದ್ರೆ ಮುಗೀತು, ಎಲ್ಲರೂ ಅಯ್ಯೋ ಪಾಪ ಅಂದು ಅವರವರ ಕೆಲಸಕ್ಕೆ ಹೋಗ್ತಾರೆ. ಹೇಳದೆ ಇರೋವರೆಗೂ ಅವಳು ಅವನ ಹತ್ತಿರಾನೇ ಇದ್ದಾಳೆ.”

ಅಷ್ಟುದ್ದ ಮಾತಾಡಿದ್ದು ನನಗೇ ಸೋಜಿಗವಾಯಿತು. ತನುಶ್ರೀ, ಹಾಗಾದರೆ ಅವನ ಹೆಂಡತಿ ಏನು ಮಾಡುತ್ತಾಳೆ ಎಂದು ಕೇಳಿದಳು. ಅವಳು ಸಿಕ್ಕಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ಅಳುತ್ತಾಳೆ ಎಂದೆ. ಪಾಪ, ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಳ್ಳಲು ಆಗದಿದ್ದರೆ ಅವಳು ಮತ್ತೆಲ್ಲಿಗೆ ಹೋಗಬೇಕು ಎಂದಳು ತನುಶ್ರೀ.

ಅದು ಸರಿಯೆನಿಸಿತು. ಪಾತ್ರಕ್ಕೆ ಹೊಂದುತ್ತದೆ. ಹೆಂಡತಿಯ ವಿವರದಲ್ಲಿ ಅದನ್ನೂ ಸೇರಿಸಿದೆ.

ಡಿಸೆಂಬರ್ 6, ಶನಿವಾರ

ಚಂದ್ರಹಾಸ ಫೋನು ಮಾಡಿದ. ಹೊಸ ಖರ್ಜೂರದ ಬೆಲ್ಲ ಬಂದಿದೆ, ಒಂದು ಕೆ.ಜಿ. ತಂದಿಟ್ಟಿದ್ದೇನೆ, ಇಲ್ಲಿಯವರ ಹಾಗೆ ಆ ಬೆಲ್ಲ ಹಾಕಿ ಅಕ್ಕಿ ಪಾಯಸ ಮಾಡುತ್ತೇನೆ ಎಂದ. ಬಂಗಾಳಿಗಳಿಗೆ ಪಾಯಸ ಇಲ್ಲದೆ ಹುಟ್ಟುಹಬ್ಬವೇ ಇಲ್ಲ, ಅದೂ ಮೊದಲ ಚಮಚ ತಾಯಿಯ ಕೈಯಿಂದಲೇ ಆಗಬೇಕು. ಅವಳ ನಾಲ್ಕನೆಯ ಹುಟ್ಟುಹಬ್ಬಕ್ಕೆ ಪಕ್ಕದ ಮನೆಯವರು ನನಗೆ ಚಮಚ ಕೊಟ್ಟು ಹಾಗೇ ಮಾಡಿಸಿದ್ದರು.

ಅಕ್ಕಿ ಮೊದಲು ತುಪ್ಪದಲ್ಲಿ ಹುರಿದುಕೋ, ಹಾಲು ಬಿಸಿಯಿರುವಾಗಲೇ ಬೆಲ್ಲ ಹಾಕಿದರೆ ಒಡೆಯುತ್ತದೆ ಎಂದು ಹೇಳಿದೆ. ಹೂಂ ಎಂದ. ಆಮೇಲೆ 14ರ ಮಾತು ಬರಲಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.  ಇಡ್ತೇನೆ ಎಂದ.

ಡಿಸೆಂಬರ್ 10, ಬುಧವಾರ

ತರಬೇತಿಯ ಕೊನೆಯ ದಿನ. ರಾಜಕಾರಣಿಗಳನ್ನು ಬರೆದವರೇ ಅವರ ಪಾತ್ರ ವಹಿಸುವುದು ನಮ್ಮಲ್ಲಿ ವಾಡಿಕೆ. ಕೋಟು ತೊಟ್ಟು ತೋಬಾರ್ ಕೆಲಿನ್ ಆಗಿ ನಾನು ಕೂತಿದ್ದೆ, ಹೆಣ್ಣು ಗಂಡು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಮೊದಲ ದಿನ ಓಸೆನ್ ಉಕ್ಕುವ ಸುದ್ದಿ ಬಂದ ಕೂಡಲೆ ನಾನು ಬರೆದಿಟ್ಟಿದ್ದನ್ನೆಲ್ಲ ಪಕ್ಕಕ್ಕೆ ತಳ್ಳಿ, ಮೊದಲು ಶಾಲೆಗಳು, ಮಿಕ್ಕಿದ್ದು ಆಮೇಲೆ ಎಂದು ಆದೇಶ ಕೊಟ್ಟುಬಿಟ್ಟಿದ್ದೆ. ಪ್ರಧಾನಿ ಹಾಗೆ ಮಾಡಬಾರದಿತ್ತು, ಮೊದಲು ಅಣೆಕಟ್ಟಿನ ಬಾಗಿಲು ತೆರೆಯಬೇಕೋ ಬೇಡವೋ ಎಂದು ಮಂತ್ರಿಗಳ ಜೊತೆ ಜಗಳವಾಡಿ ಒಂದು ದಿನ ಕಳೆಯಬೇಕಿತ್ತು, ಆಟ ಇರುವುದೇ ಹಾಗೆ. ಮಿಹಿರ್‌ದಾ ಹುಬ್ಬೇರಿಸಿದರು, ತಡೆಯಲಿಲ್ಲ. ಆರು ಶಾಲೆಯ ಮಕ್ಕಳೂ ಗುಡ್ಡ ಹತ್ತಿದರು. ಒಂದು ಮಗುವೂ ಹೋಗಲಿಲ್ಲ. ಎರಡು ದಿನ ನಾನು ಹೂವಿನ ಹಾಗೆ ಹಗುರಾಗಿದ್ದೆ.

ಇವತ್ತು ಪತ್ರಿಕಾಗೋಷ್ಠಿ. ತರಬೇತಿಗೆ ಬಂದ ಒಬ್ಬ ಯುವ ಪತ್ರಕರ್ತೆ ಎದ್ದಳು. ಮನೆಪಾಠ ಚೆನ್ನಾಗಿ ಮಾಡಿಕೊಂಡು ಬಂದವಳು. ಮಂತ್ರಿಮಂಡಲದ ವಿರೋಧ ಕಟ್ಟಿಕೊಂಡು ತಾವು ಮಕ್ಕಳನ್ನು ಮೊದಲು ಉಳಿಸಿದಿರಿ, ತಮಗೂ ಒಬ್ಬ ಮಗಳಿದ್ದಳು ಎಂದು ಕೇಳಿದ್ದೇವೆ ಎಂದಳು. ಆಮೇಲೆ ಬಹಳ ಮೃದುವಾಗಿ ಕೇಳಿದಳು: “ಪ್ರಧಾನಿಗಳೇ, ಅವಳ ಹೆಸರೇನು?”

ನಾನು ಹೆಸರು ಬರೆದಿರಲಿಲ್ಲ. ದೇಶದ ಕಸ ಎತ್ತುವ ಲಾರಿ ಚಾಲಕನಿಗೂ ಹೆಸರಿಟ್ಟವಳು ಆ ಹುಡುಗಿಗೆ ಇಟ್ಟಿರಲಿಲ್ಲ. ನೀರು ಕುಡಿದೆ. ಬಾಯಿಗೆ ಬಂದ ಯಾವುದೋ ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ಕ್ಷಣಕ್ಕೊಂದು ಹೆಸರು ಹುಟ್ಟಿಸುವುದೇ ನನ್ನ ಹೊಟ್ಟೆಪಾಡು. ಆದರೆ ಬಾಯಿಗೆ ಬಂದದ್ದು ಒಂದೇ ಹೆಸರು. ಮತ್ತೆ ನೀರು ಕುಡಿದೆ. ಕೋಣೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಕೊನೆಗೆ ಮಿಹಿರ್‌ದಾ ಕೈಯೆತ್ತಿ ಆಟ ನಿಲ್ಲಿಸಿದರು.

ಆ ಹುಡುಗಿ ಓಡಿ ಬಂದು, ವಿವರದಲ್ಲಿ ಇದ್ದೀತು ಅಂದುಕೊಂಡೆ, ತಪ್ಪು ತಿಳಿಯಬೇಡಿ ಎಂದಳು. ನಿಂದೇನೂ ತಪ್ಪಿಲ್ಲಮ್ಮ ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ.

ಡಿಸೆಂಬರ್ 13, ಶನಿವಾರ

ನಾಳೆ ಹೋಗುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಹೋಗಿ ಅಲ್ಲಿ ನಾಲ್ಕು ಜನರ ಮುಂದೆ ರಂಪ ಮಾಡಿಕೊಳ್ಳುವುದಕ್ಕಿಂತ ಇದು ವಾಸಿ. ಅವನು ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ.

ಸೀರೆ ಇಸ್ತ್ರಿ ಮಾಡಿಟ್ಟಿದ್ದೇನೆ, ಸೋಮವಾರ ಆಫೀಸಿಗೆ ಬೇಕಾಗುತ್ತದೆ.

ಡಿಸೆಂಬರ್ 15, ಸೋಮವಾರ

ಆಫೀಸಿಗೆ ಹೋಗಿಲ್ಲ. ಬೆಳಗಿನ ಕಾಫಿ ಆರುತ್ತಿದೆ. ನಿನ್ನೆ ಡಮ್ ಡಮ್‌ಗೆ ನಾನು ಒಬ್ಬಳೇ ವಾಪಸು ಬಂದೆ. ಚಂದ್ರಹಾಸ ಬಸ್ ಸ್ಟಾಪಿನವರೆಗೆ ಬಂದ, ಮನೆಗೆ ಬರುತ್ತೇನೆ ಅನ್ನಲಿಲ್ಲ. ಬಾ ಎಂದು ನಾನೂ ಕರೆಯಲಿಲ್ಲ, ಅದು ಕರೆಯುವ ಹೊತ್ತಾಗಿರಲಿಲ್ಲ. ಮುಂದೇನೋ ನನಗೆ ಗೊತ್ತಿಲ್ಲ. ನಿನ್ನೆ ಆದದ್ದನ್ನು ಬರೆಯುತ್ತೇನೆ.

ಹೋಗಬಾರದು ಅಂದುಕೊಂಡೇ ಇಸ್ತ್ರಿ ಸೀರೆ ಉಟ್ಟೆ, ಹೋಗಬಾರದು ಅಂದುಕೊಂಡೇ ಮೆಟ್ರೋ ಹತ್ತಿದೆ, ಇಳಿದು ಬೆಹಾಲಾದ ಬಸ್ಸು ಹಿಡಿದೆ. ವಾಪಸು ಹೋಗೋಣ ಎಂದು ಆ ಗಲ್ಲಿಯ ಮೂಲೆಯಲ್ಲಿ ನಿಂತಾಗ ಮಾತ್ರ ಕಾಲು ಬರಲಿಲ್ಲ.

ನೆಲಮಹಡಿಯ ಮನೆ. ಬಾಗಿಲು ತೆರೆದೇ ಇತ್ತು. ಓಣಿಯ ಮಕ್ಕಳು ಹತ್ತು ಹನ್ನೆರಡು ಜನ ನೆಲದ ಮೇಲೆ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು, ಮುಂದೆ ಎಲೆಯ ದೊನ್ನೆಗಳು. ಮೇಲಿನ ಮಹಡಿಯ ಮುದುಕಿ, ಮಕ್ಕಳೆಲ್ಲ ದಿದಾ, ಅಜ್ಜಿ ಎಂದು ಕರೆಯುವವಳು, ಕುರ್ಚಿಯಲ್ಲಿ ಕೂತು ಗಲಾಟೆ ಮಾಡುವವರನ್ನು ಗದರುತ್ತಿದ್ದಳು. ಚಂದ್ರಹಾಸ ಪಾಯಸದ ಪಾತ್ರೆ ಹಿಡಿದು ಒಳಗಿನಿಂದ ಬಂದವನು ನನ್ನನ್ನು ಕಂಡು ನಿಂತ. ಅವನು ಬಡಿಸದೆ ಕಾಯುತ್ತಿದ್ದ ಎಂದು ಆ ಪಾತ್ರೆ ನೋಡಿ ತಿಳಿಯಿತು. ಮೇಲೆ ಕೆನೆ ಕಟ್ಟಿತ್ತು. ಅವನು ಸೌಟನ್ನು ನನ್ನ ಕೈಗೆ ಕೊಟ್ಟ.

ಸಾಲಿನ ಮೊದಲಿಗೆ ಕೂತಿದ್ದ ಹುಡುಗಿಗೆ ಮುಂದಿನ ಹಲ್ಲು ಬಿದ್ದಿತ್ತು. ಇದು ಯಾರ ಹುಟ್ಟುಹಬ್ಬ ಎಂದು ಕೇಳಿದಳು. ಎಲ್ಲವೂ ಬಂಗಾಳಿಯಲ್ಲಿ ಆದ ಮಾತು. ನನ್ನ ಮಗಳದು ಎಂದೆ.

“ಎಲ್ಲಿ ಅವಳು?”

ಚಂದ್ರಹಾಸ ಉತ್ತರ ಕೊಡಲು ಮುಂದೆ ಬಂದ. ನಾನು ಕೈಯಿಂದ ತಡೆದೆ.

“ಅವಳು ಇಲ್ಲ ಪುಟ್ಟಿ. ಸತ್ತುಹೋದಳು. ಜ್ವರ ಬಂದು ಸತ್ತುಹೋದಳು.”

ಆ ಹುಡುಗಿ ಸ್ವಲ್ಪ ಯೋಚಿಸಿ, ಹೆಸರೇನು ಎಂದು ಕೇಳಿದಳು.

“ಅಪರ್ಣಾ,” ಎಂದೆ. ದನಿ ಬಂದಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ. “ಅಪರ್ಣಾ.”

ಏನೂ ಆಗಲಿಲ್ಲ. ಛಾವಣಿ ಕಳಚಿ ಬೀಳಲಿಲ್ಲ. ನಮ್ಮ ಶಾಲೆಯಲ್ಲೂ ಒಬ್ಬಳು ಅಪರ್ಣಾ ಇದ್ದಾಳೆ, ಹೊಡೆಯುತ್ತಾಳೆ ಎಂದು ಅವಳು ಪಕ್ಕದವಳಿಗೆ ಹೇಳಿದಳು. ನಮ್ಮ ಅಪರ್ಣಾನೂ ಹೊಡೀತಿದ್ಳು ಎಂದು ನಾನು ಹೇಳಿದೆ. ಹಾಗೆ ಹೇಳಿದ್ದು ಚಂದ್ರಹಾಸನಿಗೆ, ಕನ್ನಡದಲ್ಲಿ. ಅವನು ತಲೆಯಾಡಿಸಿದ. 

ಬಡಿಸಲು ಬಗ್ಗಿದೆ. ದಿದಾ ಕುರ್ಚಿಯಿಂದ ಕೂಗಿದಳು, ಹಾಗಲ್ಲ ಹಾಗಲ್ಲ, ತಾಯಿ ಮೊದಲ ಚಮಚ ತಿನ್ನಿಸಬೇಕು, ಆಮೇಲೆ ಬೇರೆಯವರಿಗೆ. ಅಭ್ಯಾಸದ ಮೇಲೆ ಹೇಳಿದ್ದು. ಹೇಳಿದ ಮೇಲೆ ಅವಳಿಗೇ ಹೊಳೆದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಾನು ಆಗಲೇ ಒಂದು ದೊನ್ನೆಯ ಬಳಿಯಿದ್ದ ಚಮಚ ತೆಗೆದು ತುಂಬಿಕೊಂಡು ನಿಂತಿದ್ದೆ. ತಿನ್ನಿಸುವುದು ಯಾರಿಗೆ?

ಆಗ ಚಂದ್ರಹಾಸ ಪಾತ್ರೆಯನ್ನು ಕೆಳಗಿಟ್ಟ. ಆ ಹಲ್ಲು ಬಿದ್ದ ಹುಡುಗಿಯನ್ನು ಸ್ವಲ್ಪ ಸರಿ ಎಂದು ಸರಿಸಿ, ಮಕ್ಕಳ ಸಾಲಿನಲ್ಲಿ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿಕೊಂಡು ಕೂತ. ತಲೆಯೆಲ್ಲ ನರೆತ ಗಂಡಸು. ಮುಖವೆತ್ತಿ ನನ್ನ ಕಡೆ ಬಾಯಿ ತೆರೆದ. ನಾನು ಮಂಡಿಯೂರಿ ಕೂತು ಅವನ ಬಾಯಿಗೆ ಪಾಯಸ ಹಾಕಿದೆ. ಅವನಿಗೆ ನುಂಗಲಾಗಲಿಲ್ಲ. ಬಾಯಿ ತುಂಬ ಇಟ್ಟುಕೊಂಡೇ ಅತ್ತ.

ಮಕ್ಕಳಿಗೆಲ್ಲ ಬಡಿಸಿದೆ. ಕೊನೆಯ ದೊನ್ನೆ ತುಂಬುವವರೆಗೆ ಕೈ ಗಟ್ಟಿಯಾಗಿತ್ತು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತು ಜೋರಾಗಿ ಅತ್ತೆ, ಆಸ್ಪತ್ರೆಯಲ್ಲೂ ಅಳದಿದ್ದ ಅಳು. ಅಪರ್ಣಾ, ಅಪ್ಪೂ, ನನ್ನ ಕಂದಾ ಎಂದು ಕರೆದು ಕರೆದು ಅತ್ತೆ. ಮಕ್ಕಳು ಹೆದರಿ ತಿನ್ನುವುದನ್ನು ನಿಲ್ಲಿಸಿದರು. ಒಂದು ಚಿಕ್ಕದು ತಾನೂ ಅಳಲು ತುಟಿ ಹಿಗ್ಗಿಸಿತು.

ದಿದಾ ಮೆಲ್ಲಗೆ ಎದ್ದು ಬಂದು ಆ ಮಗುವಿನ ತಲೆ ಸವರಿದಳು. “ತಿನ್ನಿ, ತಿನ್ನಿ,” ಎಂದು ಎಲ್ಲರಿಗೂ ಹೇಳಿದಳು. “ಏನೂ ಆಗಿಲ್ಲ. ಅವಳ ಅಮ್ಮ ಅಳ್ತಾ ಇದ್ದಾಳೆ, ಅಷ್ಟೇ.”

ಮಕ್ಕಳು ಮತ್ತೆ ತಿನ್ನತೊಡಗಿದರು.